ಗಾಡಿಗಿಂತ ಮೊದಲು ಗೈಡ್

ಅಳಿಯ: ಅತ್ತೆ, ಕೀನ್ಯಾಕ್ಕೆ ಹೋಗುವುದು ಗಟ್ಟಿಯಾಯಿತು. ಏಜೆಂಟ್ ಕಳಿಸಿದ ಕಾರ್ಯಕ್ರಮ ಇದು, ದುಡ್ಡು ಕಟ್ಟುವ ಮೊದಲು ಒಮ್ಮೆ ನೋಡಿಬಿಡಿ. ಏಳು ದಿನ. ನೈರೋಬಿಯಿಂದ ಅಂಬೊಸೆಲಿ, ಆಮೇಲೆ ನೈವಾಶ, ನಕುರು, ಕೊನೆಗೆ ಮಸಾಯಿ ಮಾರ. ಲ್ಯಾಂಡ್ ಕ್ರೂಸರ್ ಕೊಡುತ್ತಾರಂತೆ, ಛಾವಣಿ ಮೇಲಕ್ಕೆತ್ತಿದರೆ ನಿಂತುಕೊಂಡೇ ನೋಡಬಹುದು. ‘ಬಿಗ್ ಫೈವ್’ ಐದೂ ಗ್ಯಾರಂಟಿ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಅತ್ತೆ: ಗಾಡಿಯ ಬಗ್ಗೆ ಇಷ್ಟುದ್ದ ಬರೆದಿದ್ದಾರೆ, ಈಜುಕೊಳದ ಚಿತ್ರ ಹಾಕಿದ್ದಾರೆ. ಗೈಡ್ ಬಗ್ಗೆ ಇರುವುದು ‘ಇಂಗ್ಲಿಷ್ ಬಲ್ಲ ಚಾಲಕ’ ಎಂಬ ಒಂದೇ ಸಾಲು. ಈ ಕಾರ್ಯಕ್ರಮದ ದೋಷವೆಲ್ಲ ನನಗೆ ಆ ಸಾಲಿನಲ್ಲೇ ಕಾಣುತ್ತದೆ. ಅಲ್ಲಿ ಹೋದ ಮೇಲೆ ಯಾವ ದಾರಿ ಹಿಡಿಯಬೇಕು, ಎಲ್ಲಿ ಎಂಜಿನ್ ಆರಿಸಬೇಕು, ಎಷ್ಟು ಹೊತ್ತು ಕಾಯಬೇಕು, ಎಲ್ಲಿಂದ ಹಿಂದೆ ಸರಿಯಬೇಕು ಎಂದು ತೀರ್ಮಾನಿಸುವವನು ಒಬ್ಬನೇ. ನೀನು ಏನು ಕಂಡೆ ಎನ್ನುವುದಷ್ಟೇ ಅಲ್ಲ, ನಿನ್ನಿಂದ ಆ ಪ್ರಾಣಿಗೆ ಏನಾಯಿತು ಎನ್ನುವುದೂ ಅವನ ಆ ತೀರ್ಮಾನದ ಮೇಲೇ ನಿಂತಿದೆ. ಈ ಕಾರ್ಯಕ್ರಮ ಹಾಕಿದವರು ಅವನಿಗೆ ತೀರ್ಮಾನಿಸಲು ಏನನ್ನೂ ಉಳಿಸಿಲ್ಲ. ನೈರೋಬಿಯಿಂದ ಅಂಬೊಸೆಲಿಗೆ ನಾಲ್ಕೈದು ಗಂಟೆಯ ದಾರಿ. ಅಲ್ಲಿಂದ ನೈವಾಶ, ನಕುರುವಿಗೆ ಹೋಗಲು ಮತ್ತೆ ನೈರೋಬಿಯನ್ನು ಹಾದು ಬರಬೇಕು, ಹಗಲೆಲ್ಲ ಅದಕ್ಕೇ ಸರಿ. ನಕುರುವಿನಿಂದ ಮಾರಕ್ಕೆ ಮತ್ತೆ ಐದಾರು ಗಂಟೆ. ಪ್ರಾಣಿಗಳು ಓಡಾಡುವುದು ಬೆಳಗಿನ ಮೊದಲ ಎರಡು ಮೂರು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ. ಊರಿಂದೂರಿಗೆ ಹೊರಡುವವರು ಬೆಳಿಗ್ಗೆಯೇ ಹೊರಡಬೇಕು, ಸಂಜೆಗೆ ಮುಟ್ಟಬೇಕು. ಅಂದರೆ ನೀನು ದುಡ್ಡು ಕೊಟ್ಟು ಹೋದದ್ದು ಯಾವ ಗಂಟೆಗಳಿಗಾಗಿಯೋ ಅವೇ ಗಂಟೆಗಳು ಹೆದ್ದಾರಿಯ ಲಾರಿಗಳ ಹಿಂದೆ ಕಳೆದುಹೋಗುತ್ತವೆ. ಮಾರದ ಪ್ರವೇಶ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿ. 2024ರಿಂದ ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶದ ದೊಡ್ಡವರಿಗೆ ತಲೆಗೆ 200 ಡಾಲರ್, ಅದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಹನ್ನೆರಡು ಗಂಟೆಗೆ ಮಾತ್ರ. ಮಧ್ಯಾಹ್ನ ಎರಡಕ್ಕೆ ಒಳಗೆ ಕಾಲಿಟ್ಟವನೂ ಅಷ್ಟೇ ಕೊಡಬೇಕು.

ಅಳಿಯ: ದೂರ ಜಾಸ್ತಿಯಾದರೆ ವಿಮಾನ ಇದೆಯಲ್ಲ. ಗೈಡ್ ವಿಷಯಕ್ಕೆ ಬಂದರೆ, ನನಗೇನೋ ನೀವು ಅವನನ್ನು ದೊಡ್ಡದು ಮಾಡುತ್ತಿದ್ದೀರಿ ಅನಿಸುತ್ತದೆ. ಮಾರ ಅಂದರೆ ಬಯಲು. ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಆನೆ, ಜಿರಾಫೆ, ಸಿಂಹ ಎಲ್ಲ ಬರಿಗಣ್ಣಿಗೇ ಕಾಣುತ್ತವೆ. ಕಬಿನಿಯಲ್ಲಾದರೆ ದಟ್ಟ ಕಾಡು, ಗೈಡ್ ಬೇಕು ಎನ್ನೋಣ.

ಅತ್ತೆ: ವಿಮಾನ ಇದೆ, ನಿಜ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹನ್ನೆರಡು ಹದಿಮೂರು ಜನ ಹಿಡಿಸುವ ಸಣ್ಣ ವಿಮಾನ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಮಾರದ ಮಣ್ಣಿನ ಪಟ್ಟಿಯ ಮೇಲೆ ಇಳಿಸುತ್ತಾರೆ. ಹದಿನೈದು ಕಿಲೋ ಸಾಮಾನು, ಅದೂ ಮೆತ್ತನೆಯ ಚೀಲದಲ್ಲಿ, ಗಾಲಿ ಪೆಟ್ಟಿಗೆ ನಡೆಯದು. ದುಡ್ಡಿದ್ದರೆ ಒಳ್ಳೆಯದೇ. ಇನ್ನು ಬಯಲಿನ ಮಾತು. ಬಯಲಿನಲ್ಲಿ ಪ್ರಾಣಿ ಕಾಣುತ್ತದೆ, ಅದು ಏನು ಮಾಡುತ್ತಿದೆ ಎನ್ನುವುದು ಕಾಣುವುದಿಲ್ಲ. ಮೂರು ಜಿರಾಫೆ ಮೇಯುವುದು ಬಿಟ್ಟು ಒಂದೇ ಕಡೆ ಕತ್ತು ತಿರುಗಿಸಿ ನಿಂತಿದ್ದರೆ ನಾವು ಜಿರಾಫೆಯ ಫೋಟೊ ತೆಗೆಯುತ್ತೇವೆ, ಗೈಡ್ ಅವು ನೋಡುತ್ತಿರುವ ಪೊದೆಯನ್ನು ನೋಡುತ್ತಾನೆ. ಇಂಪಾಲ ಮೂಗಿನಿಂದ ಬುಸ್ಸೆಂದು ಎಚ್ಚರಿಕೆ ಕೊಟ್ಟಿದ್ದು ಯಾವ ಕಡೆಗೆ, ರಣಹದ್ದು ಸುತ್ತುತ್ತಿದೆಯೋ ಇಳಿಯುತ್ತಿದೆಯೋ, ಹುಲ್ಲಿನಿಂದ ಪುರ್ರೆಂದು ಎದ್ದ ಆಕ್ಸ್‌ಪೆಕರ್ ಹಕ್ಕಿಗಳ ಕೆಳಗೆ ಎಮ್ಮೆ ಮಲಗಿದೆಯೋ, ಲದ್ದಿಯ ಮೇಲಿನ ತೇವ ಇಂದಿನದೋ ನಿನ್ನೆಯದೋ, ಇವೆಲ್ಲ ಅವನಿಗೆ ಓದು. ಕಬಿನಿ, ಬಂಡೀಪುರದಲ್ಲಿ ನಮ್ಮ ಚಾಲಕರೂ ಜೀಪು ನಿಲ್ಲಿಸಿ ಕಿವಿಗೊಡುವುದು ಜಿಂಕೆ, ಮುಸುವ ಕೊಡುವ ಇಂಥದೇ ಕೂಗಿಗೆ. ಅಲ್ಲಿ ಕಾಡು ಮುಚ್ಚಿಕೊಂಡಿರುವುದರಿಂದ ಗೈಡ್ ಕೆಲಸ ಪ್ರಾಣಿಯನ್ನು ಹುಡುಕುವಲ್ಲಿ ಹೆಚ್ಚು. ಮಾರದಲ್ಲಿ ಹುಡುಕುವುದು ಅಷ್ಟು ಕಷ್ಟವಲ್ಲ, ಕಂಡದ್ದರ ಹತ್ತಿರ ಎಷ್ಟು ಹೋಗಬೇಕು, ಎಷ್ಟು ಹೊತ್ತು ಇರಬೇಕು ಎನ್ನುವುದೇ ಕಷ್ಟ. ಹಾಗಾಗಿ ಬಯಲಿನಲ್ಲಿ ಗೈಡ್ ಬೇಡ ಎನ್ನುವುದಕ್ಕಿಂತ ಬಯಲಿನಲ್ಲೇ ಒಳ್ಳೆಯ ಗೈಡ್ ಹೆಚ್ಚು ಬೇಕು ಎನ್ನುವುದು ನನ್ನ ವಾದ.

ಅಳಿಯ: ಆ ಓದು ಅವನಿಗೆ ಇದೆಯೋ ಇಲ್ಲವೋ ನಾನು ಇಲ್ಲಿ ಕೂತು ತಿಳಿಯುವುದು ಹೇಗೆ? ಎಲ್ಲರೂ ‘ಅನುಭವಿ’ ಎಂದೇ ಬರೆಯುತ್ತಾರೆ.

ಅತ್ತೆ: ತಿಳಿಯುವ ದಾರಿ ಇದೆ. ಕೀನ್ಯಾದಲ್ಲಿ ಸಫಾರಿ ಗೈಡುಗಳ ಸಂಘವೊಂದು ಪರೀಕ್ಷೆ ಮಾಡಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆ ಕೊಡುತ್ತದೆ. ಕಂಚು ಮುಟ್ಟಿದವನು ಕೆಲವು ವರ್ಷ ಕಾಡು ತಿರುಗಿದ ಮೇಲೆಯೇ ಬೆಳ್ಳಿಯ ಪರೀಕ್ಷೆಗೆ ಕೂರಬಹುದು, ಚಿನ್ನ ಮುಟ್ಟಿದವರು ಬಹಳ ಕಡಿಮೆ. ದಕ್ಷಿಣ ಆಫ್ರಿಕದಲ್ಲಿ 1990ರಲ್ಲಿ ಹುಟ್ಟಿದ ಫೀಲ್ಡ್ ಗೈಡ್ಸ್ ಅಸೋಸಿಯೇಷನ್ ಇದೆ. ಎಲ್ಲಕ್ಕಿಂತ ಬಿಗಿ ಎಂದು ಹೆಸರಾದದ್ದು ಜಿಂಬಾಬ್ವೆಯ ಪರವಾನಗಿ: ಬರಹದ ಪರೀಕ್ಷೆ, ಬಂದೂಕಿನ ಪರೀಕ್ಷೆ, ಹಿರಿಯ ಗೈಡಿನ ಕೈಕೆಳಗೆ ವರ್ಷಗಟ್ಟಲೆ ದುಡಿತ, ಕೊನೆಗೆ ಕಾಡಿನಲ್ಲೇ ದಿನಗಟ್ಟಲೆ ನಡೆಯುವ ಪರೀಕ್ಷೆ. ಹೀಗೆ ದೇಶದಿಂದ ದೇಶಕ್ಕೆ ಏರ್ಪಾಟು ಬೇರೆ. ಪೂರ್ವ ಆಫ್ರಿಕದಲ್ಲಿ ಚಾಲಕನೇ ಗೈಡ್, ಒಬ್ಬನೇ ಸ್ಟಿಯರಿಂಗ್ ಹಿಡಿಯಬೇಕು, ದುರ್ಬೀನು ಹಿಡಿಯಬೇಕು, ನಿನ್ನ ಪ್ರಶ್ನೆಗೆ ಉತ್ತರಿಸಬೇಕು. ದಕ್ಷಿಣ ಆಫ್ರಿಕದ ಸಾಬಿ ಸ್ಯಾಂಡ್‌ನಂಥ ಖಾಸಗಿ ಕಾಡುಗಳಲ್ಲಿ ಗೈಡ್ ಬೇರೆ, ಜಾಡು ಹಿಡಿಯುವವನು ಬೇರೆ. ಜಾಡುಗಾರ ಗಾಡಿಯ ಮುಂದೆ, ಬಾನೆಟ್ಟಿನ ಮೂಲೆಗೆ ಜೋಡಿಸಿದ ಪುಟ್ಟ ಆಸನದ ಮೇಲೆ ಕೂತು ನೆಲವನ್ನೇ ನೋಡುತ್ತಿರುತ್ತಾನೆ. ಲೂಯಿ ಲೀಬೆನ್‌ಬರ್ಗ್ ಎಂಬ ದಕ್ಷಿಣ ಆಫ್ರಿಕದವರು ಕಲಹರಿಯ ಸ್ಯಾನ್ ಬೇಟೆಗಾರರ ಜೊತೆ ತಿರುಗಿ 1990ರಲ್ಲಿ ಒಂದು ಪುಸ್ತಕ ಬರೆದರು. ಜಾಡು ಹಿಡಿಯುವುದು ಬರಿ ಗುರುತು ಹಿಂಬಾಲಿಸುವುದಲ್ಲ, ಪ್ರಾಣಿ ಮುಂದೆ ಏನು ಮಾಡೀತೆಂದು ಊಹೆ ಕಟ್ಟಿ ಮುಂದಿನ ಹೆಜ್ಜೆಗುರುತಿನಿಂದ ಆ ಊಹೆಯನ್ನು ಪರೀಕ್ಷಿಸುವುದು, ವಿಜ್ಞಾನದ ಬೇರು ಇಲ್ಲೇ ಇರಬಹುದು ಎನ್ನುವುದು ಅವರ ವಾದ. ವಾದ ಸ್ವಲ್ಪ ದೂರ ಎಳೆದಂತಿದೆ ಎನ್ನುವವರೂ ಇದ್ದಾರು. ಆದರೆ ಅವರೇ ಮುಂದೆ ನಿಂತು ಜಾಡುಗಾರರಿಗೆ ಪರೀಕ್ಷೆ, ಪ್ರಮಾಣಪತ್ರ ಶುರುಮಾಡಿದ್ದರಿಂದ ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಜನರ ವಿದ್ಯೆಗೆ ಕಾಗದದ ಮೇಲೆ ಬೆಲೆ ಬಂತು. ನೀನು ಏಜೆಂಟನನ್ನು ಕೇಳಬೇಕಾದದ್ದು ಇಷ್ಟೇ: ನಮ್ಮ ಗೈಡ್ ಯಾವ ದರ್ಜೆಯವನು, ಈ ಕಾಡಿನಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಮೊದಲಿನಿಂದ ಕೊನೆಯವರೆಗೆ ಅವನೊಬ್ಬನೇ ಇರುತ್ತಾನೋ ಇಲ್ಲವೋ.

ಅಳಿಯ: ಈಗ ಎಲ್ಲರ ಗಾಡಿಯಲ್ಲೂ ವೈರ್‌ಲೆಸ್ ಇದೆ, ಕೈಯಲ್ಲಿ ಮೊಬೈಲ್ ಇದೆ. ಒಬ್ಬ ಸಿಂಹ ಕಂಡರೆ ಹತ್ತು ಜನಕ್ಕೆ ಗೊತ್ತಾಗುತ್ತದೆ. ಜಾಡು, ಲದ್ದಿ, ಊಹೆ ಎಲ್ಲ ಹಳೆಯ ಕಾಲದ ಮಾತಾಯಿತು.

ಅತ್ತೆ: ಅಲ್ಲೇ ಇರುವುದು ಪೇಚು. ವೈರ್‌ಲೆಸ್ಸಿನಿಂದ ಒಬ್ಬ ಗೈಡಿನ ತೀರ್ಮಾನ ಎಲ್ಲರ ತೀರ್ಮಾನವಾಗುತ್ತದೆ, ಅಂದರೆ ಯಾರ ತೀರ್ಮಾನವೂ ಅಲ್ಲದಂತಾಗುತ್ತದೆ. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು ಎಂದು ಮಾರದಲ್ಲಿ ನಿಯಮವೇ ಇದೆ. ಹಂಗಾಮಿನಲ್ಲಿ ಹೋದವರು ತೆಗೆದ ಚಿತ್ರಗಳನ್ನು ನೋಡು, ಎಣಿಸಿ ಮುಗಿಯುವುದಿಲ್ಲ. ಇದರ ಪೆಟ್ಟು ಹೆಚ್ಚು ಬೀಳುವುದು ಚೀತಾದ ಮೇಲೆ. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಅದು ಬೇಟೆಯನ್ನು ಹಗಲಿಗೆ ಇಟ್ಟುಕೊಂಡಿದೆ, ನಮ್ಮ ಗಾಡಿಗಳು ತಿರುಗುವುದೂ ಹಗಲಿಗೇ. ಮಾರದಲ್ಲಿ ಫೆಮ್ಕೆ ಬ್ರೂಕ್‌ಹೈಸ್ ಎಂಬ ವಿಜ್ಞಾನಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರ ಓಡಾಟ ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಸ್ವತಂತ್ರವಾಗುವ ತನಕ ಬೆಳೆಸಿದರೆ, ಓಡಾಟ ಜೋರಾಗಿರುವ ಕಡೆ ಆ ಸಂಖ್ಯೆ 0.2. ಅಂದರೆ ಐದು ಸೂಲಿಗೆ ಒಂದು ಮರಿ. ಗಾಡಿ ಮರಿಯ ಮೇಲೆ ಹರಿಯಿತು ಎಂದಲ್ಲ. ಬೇಟೆ ತಪ್ಪಿರಬಹುದು, ತಾಯಿ ಪದೇ ಪದೇ ಜಾಗ ಬದಲಿಸಿರಬಹುದು, ಗಾಡಿಗಳ ಗುಂಪು ಕಂಡು ಕತ್ತೆಕಿರುಬ ಬಂದಿರಬಹುದು. ಒಂದೊಂದು ಗಾಡಿಯವರೂ ತಾವು ಹತ್ತು ನಿಮಿಷ ನಿಂತು ಹೋದೆವು, ಯಾರಿಗೂ ಏನೂ ಮಾಡಲಿಲ್ಲ ಎಂದುಕೊಂಡೇ ಮನೆಗೆ ಬಂದಿರುತ್ತಾರೆ. ವಿಲ್ಡೆಬೀಸ್ಟ್ ಹಿಂಡು ನದಿ ದಾಟುವ ಕಡೆಯೂ ಇದೇ ಕತೆ. ಸೆರೆಂಗೆಟಿ ಮತ್ತು ಮಾರದ ನಡುವೆ ವರ್ಷವಿಡೀ ಸುತ್ತುವ ಹತ್ತು ಲಕ್ಷಕ್ಕೂ ಮಿಕ್ಕ ಆ ಪ್ರಾಣಿಗಳು ದಡಕ್ಕೆ ಬಂದು ಅಳುಕುತ್ತ ನಿಲ್ಲುತ್ತವೆ, ಒಂದು ಇಳಿದರೆ ಉಳಿದವೆಲ್ಲ ಇಳಿಯುತ್ತವೆ. ಅವು ಇಳಿಯುವ ಕಡೆಯೇ ಗಾಡಿಗಳ ಸಾಲು ನಿಂತರೆ ಹಿಂಡು ಹಿಂದಿರುಗುತ್ತದೆ, ಇಲ್ಲವೇ ಕಡಿದಾದ ದಡಕ್ಕೆ ಸರಿಯುತ್ತದೆ. 2025ರ ಜುಲೈಯಲ್ಲಿ ಸೆರೆಂಗೆಟಿಯ ಉತ್ತರ ತುದಿಯಲ್ಲಿ ಪ್ರವಾಸಿಗರು ಗಾಡಿಯಿಂದಲೇ ಇಳಿದು ದಡದಲ್ಲಿ ನೆರೆದ ವಿಡಿಯೊ ಲೋಕವೆಲ್ಲ ಹರಿದಾಡಿ, ತಾಂಜಾನಿಯಾದ ಉದ್ಯಾನ ಇಲಾಖೆ ಎಚ್ಚರಿಕೆ ಕೊಡಬೇಕಾಯಿತು.

ಅಳಿಯ: ಹಾಗಾದರೆ ತಪ್ಪು ಗೈಡುಗಳದ್ದೇ ಆಯಿತಲ್ಲ! ಗಾಡಿ ಓಡಿಸಿಕೊಂಡು ಅಲ್ಲಿಗೆ ಹೋದವರು ಅವರು. ಇಷ್ಟು ಹೊತ್ತು ಹೊಗಳಿದಿರಿ, ಈಗ ನೀವೇ ಸಾಕ್ಷಿ ಕೊಟ್ಟಿರಿ.

ಅತ್ತೆ: ಸ್ಟಿಯರಿಂಗ್ ಅವನ ಕೈಯಲ್ಲಿತ್ತು, ಒಪ್ಪಿದೆ. ಅವನ ಜೇಬು ಯಾರ ಕೈಯಲ್ಲಿತ್ತು? ಗೈಡಿನ ಸಂಪಾದನೆಯಲ್ಲಿ ಬಕ್ಷೀಸಿನ ಪಾಲು ದೊಡ್ಡದು, ಬಕ್ಷೀಸಿನ ಗಾತ್ರವನ್ನು ನಿರ್ಧರಿಸುವುದು ಕೊನೆಯ ದಿನ ನಿನ್ನ ಮುಖದ ಮೇಲಿನ ಸಂತೋಷ. ಹಿಂದಿನ ಸೀಟಿನಲ್ಲಿ ಕೂತವರು ‘ಪಕ್ಕದ ಗಾಡಿ ಅಷ್ಟು ಹತ್ತಿರ ಹೋಗಿದೆ, ನಮ್ಮದೇಕೆ ಇಲ್ಲಿ’ ಎಂದು ಎರಡು ಸಲ ಕೇಳಿದರೆ ಸಾಕು, ನಿಯಮ ಗೊತ್ತಿರುವವನೂ ಗೇರು ಬದಲಿಸುತ್ತಾನೆ. ರೇಂಜರ್ ಹಿಡಿದರೆ ದಂಡ ಬೀಳುವುದೂ ಅವನಿಗೆ, ನಿನಗಲ್ಲ. ಅದಕ್ಕೇ ಆ ದಪ್ಪಕ್ಷರದ ‘ಗ್ಯಾರಂಟಿ’ ನನಗೆ ಹಿಡಿಸಲಿಲ್ಲ. ಬಿಗ್ ಫೈವ್ ಎನ್ನುವುದು ಪ್ರಾಣಿಶಾಸ್ತ್ರದ ಲೆಕ್ಕ ಅಲ್ಲ, ಬೇಟೆಗಾರರ ಲೆಕ್ಕ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕದ ಎಮ್ಮೆ, ಈ ಐದನ್ನು ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯುವುದು ಎಲ್ಲಕ್ಕಿಂತ ಅಪಾಯ ಎಂದು ಅವರು ಕಟ್ಟಿದ ಪಟ್ಟಿ ಅದು. 1909ರಲ್ಲಿ ಅಮೆರಿಕದ ಅಧ್ಯಕ್ಷಗಿರಿ ಬಿಟ್ಟಿಳಿದ ಥಿಯೊಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಕ್ಕೆ ಬಂದಾಗ ಹೊರೆಯಾಳುಗಳೇ ಸುಮಾರು 250 ಜನ. ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆಂದು ಆನೆಯಿಂದ ಹಿಡಿದು ಹುಳುಹುಪ್ಪಟೆವರೆಗೆ 11,000ಕ್ಕೂ ಹೆಚ್ಚು ಮಾದರಿ ಕಟ್ಟಿಕೊಂಡು ಹೋದರು. 1934ರಲ್ಲಿ ನೈರೋಬಿಯ ಬಿಳಿಯ ಬೇಟೆ-ಗೈಡುಗಳು ಸಂಘ ಕಟ್ಟಿಕೊಂಡರು, 1977ರಲ್ಲಿ ಕೀನ್ಯಾ ಬೇಟೆಯನ್ನೇ ನಿಷೇಧಿಸಿದಾಗ ಆ ಸಂಘ ಮುಚ್ಚಿತು. ಬಂದೂಕು ಹೋಯಿತು, ಪಟ್ಟಿ ಉಳಿಯಿತು. ಐದರಲ್ಲಿ ಒಂದು ಸಿಗದಿದ್ದರೆ ಪ್ರವಾಸ ಕೆಟ್ಟಿತು ಎಂಬ ಭಾವನೆಯೂ ಉಳಿಯಿತು. ಮಾರದಲ್ಲಿ ಘೇಂಡಾಮೃಗ ಬಹಳ ಕಡಿಮೆ. ಐದನೆಯದಕ್ಕೆಂದು ಗೈಡ್ ಅರ್ಧ ದಿನ ಗಾಡಿ ಓಡಿಸಿದರೆ ಆ ಹೊತ್ತಿನಲ್ಲಿ ಒಂದು ಕತ್ತೆಕಿರುಬದ ಗೂಡಿನ ಮುಂದೆ ಸುಮ್ಮನೆ ಕೂತು ಮರಿಗಳ ಆಟ ನೋಡುವ ಅವಕಾಶ ತಪ್ಪಿತು. ಕತ್ತೆಕಿರುಬ ಪಟ್ಟಿಯಲ್ಲಿ ಇಲ್ಲವಲ್ಲ, ಅದನ್ನು ಯಾರು ಕೇಳಬೇಕು.

ಅಳಿಯ: ನೀವು ಹೇಳುವ ಆ ಹಳೇ ಕಾಲದ ಗೈಡುಗಳೆಲ್ಲ ಬಿಳಿಯರು. ಇವತ್ತು ನಾವು ‘ಮಸಾಯಿ ಗೈಡ್, ನೆಲದ ಮಗ, ಮರದ ಎಲೆ ಅಲುಗಿದರೂ ಗೊತ್ತಾಗುತ್ತದೆ’ ಎಂದು ಹಾಡಿ ಹೊಗಳುವುದರಲ್ಲೂ ಆ ಸಾಹೇಬರ ಗಾಳಿ ಬೀಸುತ್ತಿಲ್ಲವೇ?

ಅತ್ತೆ: ಬೀಸುತ್ತಿದೆ. ಆ ಸಾಹೇಬರ ಬೇಟೆಯಲ್ಲಿ ಜಾಡು ಹಿಡಿದವರು, ಬಂದೂಕು ಹೊತ್ತವರು, ಪ್ರಾಣಿ ಎಲ್ಲಿದೆ ಎಂದು ತೋರಿಸಿದವರು ಕಪ್ಪುಜನ. ‘ಗೈಡ್’ ಎಂಬ ಹೆಸರು, ಸಂಬಳ, ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಬಿಳಿಯರಿಗೆ. ಅದರ ತಿದ್ದುಪಡಿ ಎಂದು ಈಗ ‘ಹುಟ್ಟಿನಿಂದಲೇ ಬಂದ ಅದ್ಭುತ ಶಕ್ತಿ’ ಎಂದರೆ ಮತ್ತೆ ಅವನ ದುಡಿಮೆಯನ್ನು ಕದ್ದಂತೆಯೇ. ಮಸಾಯಿ ಹುಡುಗ ದನ ಮೇಯಿಸುತ್ತ ಹುಲ್ಲುಗಾವಲು ಕಲಿತದ್ದು ನಿಜ, ಆದರೆ ಹಕ್ಕಿಗಳ ನೂರಾರು ಹೆಸರು, ಒಂದು ಸಿಂಹದ ಗುಂಪಿನ ಮೂರು ತಲೆಮಾರಿನ ಸಂಬಂಧ, ಪ್ರವಾಸಿಯ ಜ್ವರಕ್ಕೆ ಪ್ರಥಮ ಚಿಕಿತ್ಸೆ, ಇವನ್ನೆಲ್ಲ ಅವನು ಓದಿ, ಪರೀಕ್ಷೆ ಕಟ್ಟಿ ಗಳಿಸಿದ್ದು. ಹೀಗೆ ದುಡಿದು ಕಟ್ಟಿಕೊಂಡ ತಿಳಿವಳಿಕೆ ಹೇಗಿರುತ್ತದೆ ಎನ್ನುವುದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಮೊಜಾಂಬಿಕಿನ ನಿಯಾಸಾ ಕಾಡಿನದು. ಅಲ್ಲಿ ಜೇನುಗೂಡು ತೋರಿಸುವ ಒಂದು ಹಕ್ಕಿ ಇದೆ, ಹನಿಗೈಡ್ ಎನ್ನುತ್ತಾರೆ. ಮನುಷ್ಯರನ್ನು ಕೂಗಿ ಕರೆದು, ಮರದಿಂದ ಮರಕ್ಕೆ ಹಾರಿ ಗೂಡಿನ ತನಕ ಕರೆದೊಯ್ಯುತ್ತದೆ. ಮನುಷ್ಯ ಹೊಗೆ ಹಾಕಿ ಜೇನು ತೆಗೆಯುತ್ತಾನೆ, ಮೇಣ ಹಕ್ಕಿಗೆ. ಅಲ್ಲಿನ ಯಾವೊ ಜನ ಈ ಹಕ್ಕಿಯನ್ನು ಕರೆಯಲು ಗಂಟಲಲ್ಲಿ ‘ಬ್ರ್‌ರ್’ ಎಂದು ಉರುಳಿಸಿ ‘ಹ್ಮ್’ ಎಂದು ನಿಲ್ಲಿಸುವ ಒಂದು ಕೂಗನ್ನು ಅಪ್ಪಂದಿರಿಂದ ಕಲಿತಿದ್ದಾರೆ. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು: ಬೇರೆ ಸದ್ದು ಮಾಡಿದಾಗ ಗೂಡು ಸಿಗುವ ಸಾಧ್ಯತೆ ಶೇ. 16ರ ಹತ್ತಿರ, ಆ ಕೂಗು ಹಾಕಿದಾಗ ಶೇ. 54. ಆ ಕಾಡಿನಲ್ಲಿ ದಾರಿ ತೋರಿಸುವವನಿಗೇ ಒಬ್ಬ ದಾರಿ ತೋರಿಸುವವ ಇದ್ದಾನೆ ನೋಡು, ಅವನನ್ನು ಹೇಗೆ ಕರೆಯಬೇಕು ಎಂದು ಕಲಿಯದವನಿಗೆ ಜೇನಿಲ್ಲ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ, ತಲೆಮಾರಿನ ಅಭ್ಯಾಸ.

ಅಳಿಯ: ಸರಿ. ಈಗ ಉಲ್ಟಾ ಕೇಳುತ್ತೇನೆ. ಬಕ್ಷೀಸಿನ ಆಸೆ ಇರುವ ಗೈಡೇ ಬೇಡ, ನಾನೇ ಗಾಡಿ ಓಡಿಸುತ್ತೇನೆ. ದಕ್ಷಿಣ ಆಫ್ರಿಕದ ಕ್ರೂಗರಿನಲ್ಲಿ ಲಕ್ಷಾಂತರ ಜನ ಹಾಗೇ ನೋಡುತ್ತಾರಂತೆ, ಖರ್ಚೂ ಕಡಿಮೆ. ನಿಮ್ಮ ವಾದ ಅಲ್ಲಿ ನಿಲ್ಲುವುದಿಲ್ಲ.

ಅತ್ತೆ: ನನ್ನ ವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಅಲ್ಲೇ, ಸುಳ್ಳು ಹೇಳುವುದಿಲ್ಲ. ಕ್ರೂಗರ್ ಉದ್ಯಾನ ಆದದ್ದು 1926ರಲ್ಲಿ, ಮರುವರ್ಷವೇ ಪ್ರವಾಸಿಗಳ ಕಾರು ಒಳಗೆ ಬಂದವು. ಹತ್ತೊಂಬತ್ತು ಸಾವಿರ ಚದರ ಕಿಲೋಮೀಟರ್ ಮೀರಿದ ಆ ಕಾಡಿನಲ್ಲಿ ಒಂದು ಬಾಡಿಗೆ ಕಾರು, ಒಂದು ನಕ್ಷೆ, ಒಂದು ಬುತ್ತಿಯ ಚೀಲ ಇದ್ದರೆ ವಾರವೆಲ್ಲ ಸುಖವಾಗಿ ತಿರುಗಬಹುದು. ಆದರೆ ಅಲ್ಲಿ ಗೈಡ್ ಇಲ್ಲ ಎನ್ನುವುದಕ್ಕಿಂತ ಗೈಡಿನ ತೀರ್ಮಾನವನ್ನು ಮೊದಲೇ ರಸ್ತೆಯೊಳಗೆ ಹಾಕಿಟ್ಟಿದ್ದಾರೆ ಎಂದರೆ ಸರಿ. ಡಾಂಬರಿನ ಮೇಲೆ ಗಂಟೆಗೆ 50 ಕಿಲೋಮೀಟರ್, ಜಲ್ಲಿ ರಸ್ತೆಯಲ್ಲಿ 40. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಗೊತ್ತುಪಡಿಸಿದ ಜಾಗ ಬಿಟ್ಟರೆ ಕಾರಿನಿಂದ ಕಾಲು ಹೊರಗಿಡುವಂತಿಲ್ಲ, ಕತ್ತಲಾಗುವ ಮೊದಲು ಬೇಲಿ ಹಾಕಿದ ಶಿಬಿರದ ಗೇಟಿನೊಳಗೆ ಇರಬೇಕು. ನೀರಿನ ಹೊಂಡ ಎಲ್ಲಿ, ನೋಡುವ ಜಾಗ ಎಲ್ಲಿ ಎಂದು ಮೊದಲೇ ಗುರುತಿಸಿದ್ದಾರೆ. ಬಕ್ಷೀಸಿಗೆ ಬಾಗದ ಗೈಡ್ ಎಂದರೆ ಅದೇ. ನಮೀಬಿಯಾದ ಎಟೋಶದಲ್ಲಿ ರಾತ್ರಿ ದೀಪ ಹಾಕಿದ ನೀರಿನ ಹೊಂಡದ ಎದುರು ಬೆಂಚಿನ ಮೇಲೆ ಕೂತರೆ ಪ್ರಾಣಿಗಳೇ ಬರುತ್ತವೆ, ನೀನು ಎಲ್ಲಿಗೂ ಹೋಗಬೇಕಿಲ್ಲ. ಅಂಥ ಕಡೆ ನೀನೇ ಓಡಿಸು, ನನ್ನ ತಕರಾರಿಲ್ಲ. ಮೊಬೈಲಿನಲ್ಲಿ ‘ಇಲ್ಲಿ ಸಿಂಹ’ ಎಂದು ಬಂದ ಕೂಡಲೇ ವೇಗಮಿತಿ ಮೀರಿ ಓಡುವವರ ಕಾಟ ಅಲ್ಲೂ ಇದೆ ಎನ್ನುವುದು ಬೇರೆ ಮಾತು. ಮಾರಕ್ಕೆ ಆ ಲೆಕ್ಕ ಹಾಕಬೇಡ. ಅಲ್ಲಿನ ನೆಲ ನಮ್ಮ ಧಾರವಾಡ, ಗದಗದ ಕಡೆಯಂಥ ಎರೆ ನೆಲ. ಒಂದು ಮಳೆ ಬಿದ್ದರೆ ಫೋರ್ ವೀಲ್ ಡ್ರೈವ್ ಗಾಡಿಯೂ ಜಾರಿ ಅಚ್ಚಿನ ತನಕ ಹೂತುಕೊಳ್ಳುತ್ತದೆ. ಕವಲು ದಾರಿಗೆ ಫಲಕ ಇಲ್ಲ, ಯಾವ ಹಳ್ಳ ದಾಟಬಹುದು ಎಂದು ನಿನ್ನೆ ದಾಟಿದವನಿಗಷ್ಟೇ ಗೊತ್ತು.

ಅಳಿಯ: ಗಾಡಿಯೇ ಇಲ್ಲದೆ ನಡೆದುಕೊಂಡು ಹೋಗುವ ಸಫಾರಿಯೂ ಇದೆಯಂತಲ್ಲ. ಅದು ಬರಿ ಸಾಹಸದ ತೆವಲು ಅನಿಸುತ್ತದೆ.

ಅತ್ತೆ: ತೆವಲಿನವರು ಇದ್ದಾರೆ. ಆದರೆ ಗೈಡಿನ ತೀರ್ಮಾನ ಬರಿಗಣ್ಣಿಗೆ ಕಾಣುವುದು ಆ ನಡಿಗೆಯಲ್ಲೇ. ಜಾಂಬಿಯಾದ ದಕ್ಷಿಣ ಲುವಾಂಗ್ವ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿ 1950ರಲ್ಲಿ ಅಲ್ಲಿನ ಎನ್ಸೆಫು ಮುಖ್ಯಸ್ಥನನ್ನು ಒಪ್ಪಿಸಿ, ಬೇಟೆಯ ಬದಲು ನೋಡಲು ಬರುವವರಿಗೆ ಶಿಬಿರ ತೆರೆಸಿದರು, ಅದರ ಆದಾಯ ಆ ಜನಕ್ಕೇ ಹೋಗುವಂತೆ ಮಾಡಿದರು. ಅವರಿಂದ ಬೆಳೆದದ್ದು ಈ ನಡಿಗೆಯ ಪದ್ಧತಿ. ಮುಂದೆ ಬಂದೂಕು ಹಿಡಿದ ಸ್ಕೌಟ್, ಅವನ ಹಿಂದೆ ಗೈಡ್, ಆಮೇಲೆ ಒಬ್ಬರ ಹಿಂದೆ ಒಬ್ಬರಾಗಿ ನೀವು. ಮಾತಿಲ್ಲ, ಕೈಸನ್ನೆ. ಗಾಳಿ ಯಾವ ಕಡೆಯಿಂದ ಎನ್ನುವುದರ ಮೇಲೆ ದಾರಿ. ಆನೆ ನಿಮ್ಮನ್ನು ಗಮನಿಸುವ ಮೊದಲೇ ನೀವು ಅದನ್ನು ಬಳಸಿಕೊಂಡು ಹೋದರೆ ಅದು ಒಳ್ಳೆಯ ನಡಿಗೆ, ಬಂದೂಕು ಎತ್ತಬೇಕಾಗಿ ಬಂದರೆ ಅದಕ್ಕಿಂತ ಹತ್ತು ನಿಮಿಷ ಮೊದಲು ಎಲ್ಲೋ ತಪ್ಪಾಗಿದೆ. ಬೋಟ್ಸ್ವಾನಾದ ಒಕವಾಂಗೊ ಮುಖಜಭೂಮಿಯಲ್ಲಿ ಮೊಕೊರೊ ಎಂಬ ಕಿರಿದಾದ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಮೊದಲು ಮರ ಕೊರೆದು ಮಾಡುತ್ತಿದ್ದರು, ಈಗ ಹೆಚ್ಚಿನವು ಫೈಬರಿನವು. ಹಿಂದೆ ನಿಂತು ಗಳ ಹಾಕುವ ಅಂಬಿಗ ಆಳದ ಕಾಲುವೆ ಬಿಟ್ಟು ಜೊಂಡಿನ ನಡುವಿನ ತೆಳುನೀರಿನಲ್ಲೇ ದೋಣಿ ನಡೆಸುತ್ತಾನೆ. ನೀರಾನೆ ಇರುವುದು ಆಳದಲ್ಲಿ. ನೋಡಲು ಹೋದವರಿಗೆ ಅವನು ತೋರಿಸುವುದು ಕಪ್ಪೆ, ನೈದಿಲೆ, ಮೀಂಚುಳ್ಳಿ. ನೀರಾನೆಯ ಹತ್ತಿರ ಒಯ್ಯು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಅವನು ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ತಪ್ಪಿನ ಬೆಲೆ ಅವನಿಗೂ ನಿನಗೂ ಒಂದೇ. ಗಾಡಿಯಲ್ಲಿ ಹಾಗಲ್ಲ. ತಗಡಿನೊಳಗೆ ಕೂತವರು ಮಾಡುವ ತಪ್ಪಿಗೆ ಬೆಲೆ ತೆರುವುದು ಹೊರಗಿನ ಚೀತಾ.

ಅಳಿಯ: ಕೊನೆಗೆ ದುಡ್ಡಿನ ಮಾತು. ಒಳ್ಳೆಯ ಗೈಡ್, ಕಡಿಮೆ ಗಾಡಿ ಇರುವ ಜಾಗ, ಎಲ್ಲ ಶ್ರೀಮಂತರ ಶಿಬಿರದಲ್ಲಿ. ನಾವು ಸಾಲ ಮಾಡಿ ಹೋಗುವವರು. ನಿಮ್ಮ ಉಪದೇಶ ಡಾಲರ್ ಇದ್ದವರಿಗೆ.

ಅತ್ತೆ: ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಮಾರದ ಸುತ್ತ ಮಸಾಯಿ ಜನರಿಂದ ಭೂಮಿ ಗುತ್ತಿಗೆ ಹಿಡಿದು ನಡೆಸುವ ಕನ್ಸರ್ವೆನ್ಸಿಗಳಿವೆ. ಅಲ್ಲಿ ಹಾಸಿಗೆ ಎಷ್ಟು, ಗಾಡಿ ಎಷ್ಟು ಎಂದು ಮಿತಿ ಇದೆ, ಜಮೀನಿನವರಿಗೆ ತಪ್ಪದೆ ಬಾಡಿಗೆ ಹೋಗುತ್ತದೆ. ನಿಜ, ಅವು ದುಬಾರಿ. ಆದರೆ ನಿನ್ನ ಈ ಕಾರ್ಯಕ್ರಮವೂ ಅಗ್ಗದ್ದಲ್ಲ. ನಾಲ್ಕು ಜಾಗದ ಪ್ರವೇಶ ಶುಲ್ಕ, ನಾಲ್ಕು ಜಾಗದ ವಸತಿ, ನೂರಾರು ಕಿಲೋಮೀಟರ್ ಡೀಸೆಲ್. ಎರಡು ಜಾಗ ಕಡಿಮೆ ಮಾಡಿದರೆ ಉಳಿಯುವ ದುಡ್ಡಿನಲ್ಲಿ ಬೆಳ್ಳಿ ದರ್ಜೆಯ ಗೈಡನ್ನು ಹೆಸರು ಹೇಳಿ ಕೇಳಬಹುದು, ಗಾಡಿಗೆ ಏಳು ಜನರ ಬದಲು ನಾಲ್ಕೇ ಜನ ಎಂದು ಹಟ ಹಿಡಿಯಬಹುದು. ದುಡ್ಡೇ ಬೇಡದ ಕೆಲಸವೂ ಇದೆ. ಮೊದಲ ದಿನವೇ ಗೈಡಿಗೆ ಹೇಳು: ನಮಗೆ ಪಟ್ಟಿ ಇಲ್ಲ, ಗುಂಪು ಸೇರಿದ ಕಡೆಗೆ ಹೋಗಬೇಡಿ, ಹತ್ತಿರ ಹೋಗದಿದ್ದರೆ ಬೇಸರವಿಲ್ಲ, ಬಕ್ಷೀಸು ಇಷ್ಟು ಎಂದು ಈಗಲೇ ನಿಶ್ಚಯಿಸಿದ್ದೇವೆ. ಈ ನಾಲ್ಕು ಮಾತು ಅವನ ಕೈಗೆ ಅವನ ವಿದ್ಯೆಯನ್ನು ಹಿಂದಿರುಗಿಸುತ್ತವೆ. ಹಾಂ, ಚಕ್ಕುಲಿ, ಕೋಡುಬಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಡ ಮಾರಾಯ, ಕೀನ್ಯಾದಲ್ಲಿ 2017ರಿಂದ ನಿಷೇಧ.

ಅಳಿಯ: ನೈವಾಶ ಬಿಡುತ್ತೇನೆ. ನಕುರು ಬಿಡಲಾರೆ, ಫ್ಲೆಮಿಂಗೊ ತೋರಿಸುತ್ತೇನೆಂದು ನನ್ನ ಹೆಂಡತಿಗೆ ಮಾತು ಕೊಟ್ಟಿದ್ದೇನೆ.

ಅತ್ತೆ: ನಕುರು ಸರೋವರದ ನೀರು ಹದಿನೈದು ವರ್ಷದಿಂದ ಏರಿ, ಉಪ್ಪು ತಿಳಿಯಾಗಿ, ಫ್ಲೆಮಿಂಗೊಗಳಲ್ಲಿ ಹೆಚ್ಚಿನವು ಬೊಗೋರಿಯಾ ಸರೋವರದ ಕಡೆಗೆ ಹೋದವು. ಈಗ ನಕುರು ಘೇಂಡಾಮೃಗಕ್ಕೆ ಒಳ್ಳೆಯ ಜಾಗ, ಬೇಲಿ ಹಾಕಿ ಕಾದಿದ್ದಾರೆ. ಅಂಬೊಸೆಲಿಯಲ್ಲಿ ಸಿಂತಿಯಾ ಮಾಸ್ 1972ರಲ್ಲಿ ಶುರುಮಾಡಿದ ಆನೆಗಳ ಅಧ್ಯಯನ ಇನ್ನೂ ನಡೆಯುತ್ತಿದೆ, ಒಂದೊಂದು ಆನೆಯ ಅಜ್ಜಿ ಯಾರೆಂದು ದಾಖಲೆ ಇದೆ. ಆ ಕುಟುಂಬಗಳನ್ನು ಬಲ್ಲ ಗೈಡ್ ಸಿಕ್ಕರೆ ಮೂರು ದಿನ ಅಲ್ಲೇ ಕೂರಬಹುದು. ಎರಡರಲ್ಲಿ ಒಂದು ಆರಿಸಿಕೋ, ಇನ್ನೊಂದನ್ನು ಏಜೆಂಟನಿಗೆ ಹೇಳಿ ತೆಗೆಸು.

ಅಳಿಯ: ಅವಳನ್ನು ಕೇಳಿ ಹೇಳುತ್ತೇನೆ.

ಅತ್ತೆ: ಕೇಳು. ಜೊತೆಗೆ ಹಳದಿ ಜ್ವರದ ಲಸಿಕೆ ಯಾವಾಗ ಸಿಗುತ್ತದೆ ಎಂದೂ ವಿಚಾರಿಸು. ಹಾಕಿಸಿಕೊಂಡು ಹತ್ತು ದಿನ ಆಗದೆ ಆ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ, ವಾಪಸು ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳುತ್ತಾರೆ.